ಬೆಕ್ಕಿನ ಬಟ್ಟಲಿನ ಲೆಕ್ಕ

ಮಲೆನಾಡಿನ ಒಂಟಿಮನೆಗಳಲ್ಲಿ ಬೆಕ್ಕು ಎಂದೂ ಕೇವಲ ಮುದ್ದಿನ ಪ್ರಾಣಿಯಾಗಿರಲಿಲ್ಲ. ಭತ್ತದ ಕಣಜ, ಅಡಿಕೆಯ ಅಟ್ಟ, ಕೊಟ್ಟಿಗೆಯ ಹುಲ್ಲು, ಮಳೆಗಾಲಕ್ಕೆಂದು ಕೂಡಿಟ್ಟ ದವಸಧಾನ್ಯ ಇವೆಲ್ಲದರ ಕಾವಲು ಅದರ ಪಾಲಿನ ಕೆಲಸ. ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದುದು ಹಾಲು ಕರೆದ ಹೊತ್ತಿಗೆ ನಾಲ್ಕು ಗುಟುಕು ಹಾಲು, ಮನೆಮಂದಿಯ ಊಟ ಮುಗಿದ ಮೇಲೆ ಒಂದು ಹಿಡಿ ಅನ್ನ. ಮೀನು ತಿನ್ನುವ ಮನೆಯಾದರೆ ಮೀನಿನ ತಲೆ. ಈ ಹಳೆಯ ಏರ್ಪಾಟಿನೊಳಗೆ ಈಗ ಪೊಟ್ಟಣದ ಆಹಾರ ಕಾಲಿಟ್ಟಿದೆ. ಪೇಟೆಯ ಅಂಗಡಿಗಳಲ್ಲಿ ಅದು ಎರಡು ಬಗೆಯಲ್ಲಿ ದೊರೆಯುತ್ತದೆ. ಬಿಸ್ಕತ್ತಿನ ಚೂರುಗಳಂತಿರುವ ಒಣ ಆಹಾರ ಒಂದು. ಗಸಿಯಲ್ಲಿ ಮುಳುಗಿದ ಮಾಂಸದ ತುಣುಕುಗಳಿರುವ, ಪುಟ್ಟ ಪೌಚುಗಳಲ್ಲಿ ಬರುವ ತೇವದ ಆಹಾರ ಇನ್ನೊಂದು. ಎರಡರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಯೂ ಅವುಗಳ ಜೊತೆಗೇ ಹಳ್ಳಿಗೆ ಬಂದಿದೆ.

ಗಣಿಗಾರಿಕೆ, ಅಣೆಕಟ್ಟು, ಅರಣ್ಯನಾಶಗಳ ಬಗ್ಗೆ ಚಿಂತಿಸುವ ಪರಿಸರ ಪತ್ರಿಕೆಗೆ ಬೆಕ್ಕಿನ ಊಟ ಕ್ಷುಲ್ಲಕ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಆಹಾರ ಯಾರದ್ದೇ ಆಗಲಿ, ಅದು ಎಲ್ಲಿಂದಲೋ ಬರುತ್ತದೆ. ಅದರ ಉಳಿಕೆ ಎಲ್ಲಿಗೋ ಹೋಗುತ್ತದೆ. ಬೆಕ್ಕಿನ ಬಟ್ಟಲಿನ ಪೂರ್ತಿ ಬೆಲೆ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ. ಅದರ ಒಂದು ಪಾಲನ್ನು ತೋಟದ ಕಪ್ಪೆ, ಓತಿ, ಹಕ್ಕಿಗಳು ತೆರುತ್ತವೆ. ಒಂದು ಪಾಲನ್ನು ಊರಿನ ಹಳ್ಳ ತೆರುತ್ತದೆ. ಮತ್ತೊಂದನ್ನು ಘಟ್ಟದ ಕೆಳಗಿನ ಸಮುದ್ರ ತೆರುತ್ತದೆ. ಕೆಲವೊಮ್ಮೆ ಬೆಕ್ಕೇ ತನ್ನ ಜೀವದಿಂದ ತೆರುತ್ತದೆ. ಒಣದೋ ತೇವದೋ ಎಂಬ ಆಯ್ಕೆಯನ್ನು ಈ ಎಲ್ಲ ಲೆಕ್ಕಗಳನ್ನು ಮುಂದಿಟ್ಟುಕೊಂಡು ಮಾಡಬೇಕಾಗಿದೆ.

ಮೊದಲಿಗೆ ಬೆಕ್ಕಿನ ದೇಹದ ಲೆಕ್ಕ. ಸಾಕುಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣ ನಾಡಿನ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಲಾಗಿದ್ದ ಬೆಕ್ಕೊಂದರ ಅಸ್ಥಿಪಂಜರದ ವಿವರ 2004ರಲ್ಲಿ ಪ್ರಕಟವಾಯಿತು. ಧಾನ್ಯ ಕೂಡಿಡಲು ಕಲಿತ ಮನುಷ್ಯನ ಬಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ನೀರು ವಿರಳವಾದ ನಾಡಿನಲ್ಲಿ ವಿಕಾಸಗೊಂಡ ಈ ಪ್ರಾಣಿ ತನಗೆ ಬೇಕಾದ ನೀರಿನ ಬಹುಭಾಗವನ್ನು ಬೇಟೆಯ ದೇಹದಿಂದಲೇ ಪಡೆಯುತ್ತಿತ್ತು. ಇಲಿಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ನೀರೇ. ಈ ಹಿನ್ನೆಲೆಯಿಂದಾಗಿ ಬೆಕ್ಕಿಗೆ ಬಾಯಾರಿಕೆಯ ಅರಿವು ಕಡಿಮೆ. ನಾಯಿಯಂತೆ ಅದು ಪಾತ್ರೆಗೆ ಬಾಯಿಟ್ಟು ಹೊಟ್ಟೆ ತುಂಬ ನೀರು ಕುಡಿಯುವುದಿಲ್ಲ.

ಒಣ ಆಹಾರದಲ್ಲಿ ನೀರಿನ ಅಂಶ ಶೇ. 10ರ ಆಸುಪಾಸು, ತೇವದ ಆಹಾರದಲ್ಲಿ ಶೇ. 75ರಿಂದ 85. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಹೆಚ್ಚುಕಡಿಮೆ 200 ಮಿ.ಲೀ. ನೀರು ಬೇಕು. ಸುಮಾರು 60 ಗ್ರಾಂ ಒಣ ಆಹಾರ ಅದರ ದಿನದ ಶಕ್ತಿಯ ಅಗತ್ಯವನ್ನು ಪೂರೈಸುತ್ತದೆ. ಆದರೆ ಅದರಲ್ಲಿರುವ ನೀರು ಒಂದು ಚಮಚೆಯಷ್ಟು ಮಾತ್ರ. ಅಷ್ಟೇ ಶಕ್ತಿಗೆ ತೇವದ ಆಹಾರ 250 ಗ್ರಾಂ ಬೇಕಾಗುತ್ತದೆ; ಅದರೊಂದಿಗೆ ಹೆಚ್ಚುಕಡಿಮೆ ದಿನದ ನೀರೆಲ್ಲವೂ ಹೊಟ್ಟೆ ಸೇರುತ್ತದೆ. ಒಣ ಆಹಾರ ತಿನ್ನುವ ಬೆಕ್ಕು ಪಾತ್ರೆಯ ನೀರನ್ನು ಹೆಚ್ಚು ಕುಡಿಯುತ್ತದೆ, ನಿಜ. ಆದರೂ ಅದರ ಒಟ್ಟು ನೀರಿನ ಸೇವನೆ ತೇವದ ಆಹಾರ ತಿನ್ನುವ ಬೆಕ್ಕಿನಷ್ಟಾಗುವುದಿಲ್ಲ. ಮೂತ್ರ ಗಟ್ಟಿಯಾಗುತ್ತದೆ, ಕೆಲವು ಬೆಕ್ಕುಗಳಲ್ಲಿ ಹರಳು ಕಟ್ಟುತ್ತದೆ.

ಇದರ ಅಪಾಯ ಹೆಚ್ಚಾಗಿ ಗಂಡುಬೆಕ್ಕಿಗೆ. ಅದರ ಮೂತ್ರನಾಳ ಕಿರಿದು. ಅದು ಮುಚ್ಚಿಕೊಂಡರೆ ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂರುತ್ತದೆ, ಕೂಗುತ್ತದೆ, ಹನಿ ಮೂತ್ರವೂ ಬರುವುದಿಲ್ಲ. ಮನೆಯವರು ಮಲಬದ್ಧತೆ ಎಂದು ಭಾವಿಸಿ ಹರಳೆಣ್ಣೆ ಕುಡಿಸುವುದುಂಟು. ಒಂದೆರಡು ದಿನಗಳೊಳಗೆ ಚಿಕಿತ್ಸೆ ದೊರೆಯದಿದ್ದರೆ ಅದು ಸಾಯುತ್ತದೆ. ನಗರದಲ್ಲಿ ಇದು ಒಂದು ಆಟೋ ಪ್ರಯಾಣದ ಮಾತು. ಪಶುಚಿಕಿತ್ಸಾಲಯ ಹತ್ತಾರು ಕಿಲೋಮೀಟರ್ ದೂರವಿರುವ, ಆಷಾಢದ ಮಳೆಗೆ ದಾರಿ ಕಡಿಯುವ ಹಳ್ಳಿಯಲ್ಲಿ ಇದು ಸಾವಿನ ಮಾತು. ಒಣ ಆಹಾರ ತಿಂದ ಬೆಕ್ಕುಗಳಿಗೆಲ್ಲ ಹೀಗಾಗುವುದಿಲ್ಲ. ಅದು ವಿಷವೂ ಅಲ್ಲ. ಆದರೆ ವೈದ್ಯರು ದೂರವಿರುವ ಕಡೆ ಬೆಕ್ಕಿನ ಹೊಟ್ಟೆಗೆ ನೀರು ಸೇರಿಸುವುದೇ ಮೊದಲ ವೈದ್ಯ ಎಂಬುದನ್ನು ಮರೆಯಬಾರದು.

ಎರಡನೆಯದು ಮಾಂಸದ ಲೆಕ್ಕ. ನಾಯಿ ಅನ್ನ-ಸಾರಿಗೆ ಒಗ್ಗಿಕೊಂಡಿತು, ಬೆಕ್ಕು ಒಗ್ಗಿಕೊಳ್ಳಲಿಲ್ಲ. ಅದು ಕಟ್ಟಾ ಮಾಂಸಾಹಾರಿ. ಸಿಹಿಯ ರುಚಿಯನ್ನೇ ಅದರ ನಾಲಿಗೆ ಅರಿಯದು. ಆ ರುಚಿಗೆ ಬೇಕಾದ ವಂಶವಾಹಿ ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂಬುದು 2005ರಲ್ಲಿ ತಿಳಿದುಬಂತು. ಕ್ಯಾರೆಟ್, ಕುಂಬಳದಲ್ಲಿರುವ ವರ್ಣದ್ರವ್ಯದಿಂದ ‘ಎ’ ಜೀವಸತ್ವವನ್ನು ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಟಾರಿನ್ ಎಂಬ ವಸ್ತುವನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಪಡೆಯಬೇಕು. ಟಾರಿನ್ ಕೊರತೆಯಾದರೆ ಕಣ್ಣು ಕುರುಡಾಗುತ್ತದೆ, ಹೃದಯ ದುರ್ಬಲವಾಗಿ ಹಿಗ್ಗುತ್ತದೆ. ಪೊಟ್ಟಣದ ಆಹಾರ ತಿನ್ನುತ್ತಿದ್ದ ಬೆಕ್ಕುಗಳ ಹೃದಯರೋಗಕ್ಕೆ ಈ ಕೊರತೆಯೇ ಕಾರಣವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು 1987ರಲ್ಲಿ ತೋರಿಸಿಕೊಟ್ಟರು. ಆ ಬಳಿಕವಷ್ಟೇ ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಕಾರ್ಖಾನೆಯ ಆಹಾರವೂ ತಪ್ಪಬಹುದು, ತಿದ್ದಿಕೊಳ್ಳಲೂ ಬಹುದು ಎಂಬುದಕ್ಕೆ ಇದು ಸಾಕ್ಷಿ.

ಪೊಟ್ಟಣದ ಮೇಲಿನ ಅಂಕಿಗಳು ದಾರಿ ತಪ್ಪಿಸುವುದುಂಟು. ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಒಣ ಆಹಾರದ ಚೀಲದ ಮೇಲೆ ಪ್ರೋಟೀನ್ ಶೇ. 32, ನೀರು ಶೇ. 10 ಎಂದೂ, ತೇವದ ಆಹಾರದ ಪೌಚಿನ ಮೇಲೆ ಪ್ರೋಟೀನ್ ಶೇ. 8, ನೀರು ಶೇ. 82 ಎಂದೂ ಇದೆಯೆನ್ನೋಣ. ಮೇಲ್ನೋಟಕ್ಕೆ ಒಣ ಆಹಾರವೇ ಪುಷ್ಟಿಕರ. ನೀರನ್ನು ಕಳೆದು ನೋಡಿದರೆ ಮೊದಲನೆಯದರಲ್ಲಿ 90 ಪಾಲಿಗೆ 32, ಎಂದರೆ ಶೇ. 36ರ ಸಮೀಪ, ಎರಡನೆಯದರಲ್ಲಿ 18 ಪಾಲಿಗೆ 8, ಎಂದರೆ ಶೇ. 44. ಒಣ ಆಹಾರದ ಹರಳು ಉಬ್ಬಿ ಆಕಾರ ಪಡೆಯಬೇಕಾದರೆ ಅದರಲ್ಲಿ ಅಕ್ಕಿ, ಜೋಳ, ಗೋಧಿಯಂತಹ ಪಿಷ್ಟ ಇರಲೇಬೇಕು. ಬೇಯಿಸಿದ ಪಿಷ್ಟವನ್ನು ಬೆಕ್ಕು ಒಂದು ಮಟ್ಟಿಗೆ ಜೀರ್ಣಿಸಿಕೊಳ್ಳುತ್ತದೆ. ಆದರೆ ದಿನವಿಡೀ ಬಟ್ಟಲು ತುಂಬಿರುವ, ಓಡಾಟವಿಲ್ಲದ, ಸಂತಾನಹರಣ ಚಿಕಿತ್ಸೆಯಾದ ಬೆಕ್ಕು ಅದರಿಂದ ಬೇಗನೆ ಬೊಜ್ಜು ಬೆಳೆಸಿಕೊಳ್ಳುತ್ತದೆ.

ಹಾಗಿದ್ದರೆ ಹಾಲು-ಅನ್ನ ಉಂಡು ತಲೆಮಾರುಗಳಿಂದ ಬದುಕಿದ ಮಲೆನಾಡಿನ ಬೆಕ್ಕುಗಳ ಕಥೆಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಅಹಿತಕರವಾದುದು. ಆ ಬೆಕ್ಕುಗಳು ಹಾಲು-ಅನ್ನದಿಂದ ಬದುಕಲಿಲ್ಲ. ಹಾಲು-ಅನ್ನ ಕೊಡದೇ ಉಳಿಸಿದ್ದನ್ನು ಹೊರಗಿನಿಂದ ತುಂಬಿಕೊಂಡು ಬದುಕಿದವು. ಕಣಜದ ಇಲಿ ಅದರ ಒಂದು ಭಾಗ ಮಾತ್ರ. ಅಡಿಕೆ ತೋಟದ ಹಾರುವ ಓತಿ, ಅಂಗಳದಂಚಿನ ಅರಣೆ, ಮೊದಲ ಮಳೆಗೆ ಹೊರಬೀಳುವ ಕಪ್ಪೆ, ಜಗುಲಿಯ ಮಾಡಿಗೆ ಗೂಡು ನೇಯ್ದ ಸೂರಕ್ಕಿ, ದಾಸವಾಳದ ಗಿಡದಲ್ಲಿ ಮರಿಮಾಡಿದ ಪಿಕಳಾರ ಇವೆಲ್ಲವೂ ಆ ಬಟ್ಟಲಿನ ಕೊರತೆಯನ್ನು ತುಂಬಿದವು. ಬಹುತೇಕ ಬೆಳೆದ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದೂ ಇಲ್ಲ. ಸಸ್ಯಾಹಾರಿ ಮನೆಯ ಬೆಕ್ಕು ಸಸ್ಯಾಹಾರಿಯಲ್ಲ. ಅದರ ಮಾಂಸದ ಊಟವನ್ನು ಬಡಿಸುವುದು ಕಾಡು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುವ ಗಾದೆಯಲ್ಲಿ ಈ ಸಂದರ್ಭಕ್ಕೆ ಕಣ್ಣು ಮುಚ್ಚಿರುವುದು ಬೆಕ್ಕಲ್ಲ, ಹಾಲೆರೆಯುವ ಮನೆ. ಕಾಡು ದಟ್ಟವಾಗಿದ್ದು ಬೆಕ್ಕುಗಳು ಕಡಿಮೆಯಿದ್ದ ಕಾಲದಲ್ಲಿ ಇದು ದೊಡ್ಡ ಹೊರೆಯಾಗಿರಲಾರದು. ಬೇರೆಲ್ಲೂ ಕಾಣದ ಕಪ್ಪೆ, ಓತಿಗಳು ಪಶ್ಚಿಮ ಘಟ್ಟದ ತುಂಡು ತುಂಡಾದ ಕಾಡುಗಳಲ್ಲಿ ಕೊನೆಯ ನೆಲೆ ಹಿಡಿದಿರುವ ಈ ದಿನಗಳಲ್ಲಿ ಅದೇ ಮಾತನ್ನು ಹೇಳಲಾಗದು.

ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯುವುದಿಲ್ಲ, ಆದ್ದರಿಂದ ಅದನ್ನು ಅರೆಹೊಟ್ಟೆಯಲ್ಲೇ ಇಡಬೇಕು ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಬೆಕ್ಕಿನ ಬೇಟೆಯ ಪ್ರವೃತ್ತಿ ಹಸಿವಿಗಷ್ಟೇ ಕಟ್ಟುಬಿದ್ದಿಲ್ಲ. ಉಂಡ ಬೆಕ್ಕೂ ಇಲಿಯ ಸದ್ದಿಗೆ ಕಿವಿ ನಿಮಿರಿಸುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ನೈಋತ್ಯ ಭಾಗದ ಮನೆಬೆಕ್ಕುಗಳ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಧಾನ್ಯವಿಲ್ಲದ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುತ್ತಿದ್ದ ಬೇಟೆ ಶೇ. 36ರಷ್ಟು ಇಳಿಯಿತು. ದಿನಕ್ಕೆ ಐದರಿಂದ ಹತ್ತು ನಿಮಿಷ ಬೆಕ್ಕಿನೊಡನೆ ಆಟವಾಡಿದ್ದರಿಂದಲೇ ಶೇ. 25ರಷ್ಟು ಕಡಿಮೆಯಾಯಿತು. ಬೇಟೆ ನಿಲ್ಲಲಿಲ್ಲ, ಕಡಿಮೆಯಾಯಿತು. ಇದು ಇಂಗ್ಲೆಂಡಿನ ಲೆಕ್ಕ, ಮಲೆನಾಡಿನದ್ದಲ್ಲ. ಆದರೆ ಬೆಕ್ಕಿನ ದೇಹ ಎಲ್ಲೆಡೆಯೂ ಒಂದೇ. ಮನೆಯ ಬಟ್ಟಲಿನಲ್ಲಿ ತಕ್ಕ ಮಾಂಸ ಸಿಕ್ಕರೆ ಕಾಡಿನ ಮೇಲಿನ ಹೊರೆ ಇಳಿಯುತ್ತದೆ ಎಂಬುದು ಅದರ ಸಾರ. ಈ ಒಂದು ಕಾರಣಕ್ಕಾದರೂ ಪೊಟ್ಟಣದ ಆಹಾರವನ್ನು ಕೊಳ್ಳುಬಾಕತನದ ಮತ್ತೊಂದು ರೂಪವೆಂದು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ.

ಇಷ್ಟರಿಂದ ತೇವದ ಆಹಾರವೇ ಗೆದ್ದಿತು ಎನ್ನುವಂತೆ ತೋರುತ್ತದೆ. ನೀರೂ ಅದರಲ್ಲೇ ಹೆಚ್ಚು, ಮಾಂಸವೂ ಅದರಲ್ಲೇ ಹೆಚ್ಚು. ಆದರೆ ಅದರ ಇನ್ನೊಂದು ಬದಿಯನ್ನೂ ನೋಡಬೇಕು. ದಿನಕ್ಕೆ 250 ಗ್ರಾಂ ಎಂದರೆ 85 ಗ್ರಾಂ ತೂಕದ ಮೂರು ಪೌಚುಗಳು. ವರ್ಷಕ್ಕೆ 1,095. ಒಂದು ಮನೆ, ಒಂದು ಬೆಕ್ಕು, ಸಾವಿರಕ್ಕೂ ಮಿಕ್ಕ ಪೌಚು. ಪ್ಲಾಸ್ಟಿಕ್ ಮತ್ತು ಲೋಹದ ಹಾಳೆಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದ ಈ ಪೌಚನ್ನು ಬಿಡಿಸಿ ಮರುಬಳಕೆ ಮಾಡುವುದು ಬಲು ಕಷ್ಟ. ಗುಜರಿಯವನು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಅದು ಬಚ್ಚಲ ಒಲೆಗೆ ಬೀಳುತ್ತದೆ, ಇಲ್ಲವೇ ತೋಟದ ಕಾಲುವೆಗೆ. ಒಲೆಯ ಹೊಗೆ ನೀರು ಕಾಯಿಸುವವರ ಎದೆಗೆ ಇಳಿಯುತ್ತದೆ, ಬೂದಿ ಅಡಿಕೆ ಬುಡಕ್ಕೆ ಹೋಗುತ್ತದೆ. ಕಾಲುವೆಗೆ ಬಿದ್ದದ್ದು ಮಳೆಗಾಲದಲ್ಲಿ ಹಳ್ಳ ಸೇರಿ ಹೊಳೆಯ ಪಾಲಾಗುತ್ತದೆ.

ಒಣ ಆಹಾರವಾದರೆ ಅದೇ ಬೆಕ್ಕಿಗೆ ವರ್ಷಕ್ಕೆ ಸುಮಾರು 22 ಕಿಲೋ ಸಾಕು. ಮೂರು ಕಿಲೋ ಚೀಲಗಳಲ್ಲಿ ಕೊಂಡರೆ ಏಳೆಂಟು ಚೀಲ. ಸಾಗಣೆಯ ಲೆಕ್ಕವೂ ಹೀಗೆಯೇ. ತೇವದ ಆಹಾರದ ಐದು ಪಾಲಿನಲ್ಲಿ ನಾಲ್ಕು ಪಾಲು ನೀರು. ವರ್ಷದಲ್ಲಿ ನೂರಾರು ಅಂಗುಲ ಮಳೆ ಸುರಿಯುವ ನಾಡಿಗೆ ಲಾರಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ತುಂಬಿ ನೀರನ್ನು ಘಟ್ಟ ಹತ್ತಿಸುವುದು ಎಂತಹ ವಿವೇಕ? ಬ್ರೆಜಿಲ್ ದೇಶದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿ, ಬೆಕ್ಕುಗಳ ಆಹಾರದ ಬಗೆಗಳಲ್ಲಿ ಪರಿಸರದ ಮೇಲೆ ಅತಿ ಹೆಚ್ಚು ಹೊರೆ ಹಾಕುವುದು ತೇವದ ಆಹಾರ, ಅತಿ ಕಡಿಮೆ ಹೊರೆ ಹಾಕುವುದು ಒಣ ಆಹಾರ ಎಂದು ಕಂಡುಬಂದಿತು. ಹತ್ತು ಕಿಲೋ ತೂಕದ ನಾಯಿಯ ಮಟ್ಟಿಗೆ ಇಂಗಾಲದ ಈ ಅಂತರ ಎಂಟು ಪಟ್ಟಿನಷ್ಟಿತ್ತು.

ಸಮುದ್ರದ ಪಾಲನ್ನೂ ಮರೆಯುವಂತಿಲ್ಲ. ಜಗತ್ತಿನ ಬೆಕ್ಕಿನ ಆಹಾರೋದ್ಯಮ ವರ್ಷಕ್ಕೆ ಸುಮಾರು 24.8 ಲಕ್ಷ ಟನ್ ಸಣ್ಣ ಮೀನನ್ನು ಬಳಸುತ್ತಿದೆ ಎಂದು 2008ರ ಒಂದು ಅಂದಾಜು ಹೇಳಿತ್ತು. ಬೂತಾಯಿ ಅಥವಾ ತಾರ್ಲೆಯಂತಹ ಸಣ್ಣ ಮೀನು ಬಡವರ ಊಟ, ದೊಡ್ಡ ಮೀನುಗಳ ಊಟ. ಕರಾವಳಿಯ ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗುವ ಇಂತಹ ಮೀನಿನ ಹಿಟ್ಟು ಹೆಚ್ಚಾಗಿ ಸೇರುವುದು ಸಿಗಡಿ, ಮೀನು, ಕೋಳಿಗಳ ಆಹಾರಕ್ಕೆ; ಬೆಕ್ಕಿನ ಪಾಲು ಅದರ ಮುಂದೆ ಸಣ್ಣದು. ಪೊಟ್ಟಣದ ಆಹಾರದಲ್ಲಿ ಕಸಾಯಿಖಾನೆಯ ಉಳಿಕೆಗಳೂ ಬಳಕೆಯಾಗುತ್ತವೆ ಎಂಬುದು ಅದರ ಪರವಾಗಿ ಹೇಳಬೇಕಾದ ಮಾತು. ಆದರೂ ಮೀನಿನ ತಲೆ, ಬಾಲ, ಕೋಳಿ ಅಂಗಡಿಯ ಉಳಿಕೆಗಳನ್ನು ಹಳ್ಳಕ್ಕೆ ಚೆಲ್ಲಿ, ಮತ್ತೆಲ್ಲೋ ಹಿಡಿದ ಮೀನನ್ನು ಪೌಚಿನಲ್ಲಿ ಕೊಂಡು ತರುವುದು ಸರಿಯಾದ ಲೆಕ್ಕವಲ್ಲ.

ಒಣ ಆಹಾರಕ್ಕೂ ಮಲೆನಾಡಿನ ಹವೆ ಒಂದು ಎಚ್ಚರಿಕೆ ಕೊಡುತ್ತದೆ. ಬಿಡಿಸಿಟ್ಟ ಚೀಲ ಮಳೆಗಾಲದ ತೇವವನ್ನು ಹೀರಿಕೊಂಡು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಅಫ್ಲಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಭಾಗದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತದ್ದು ಈ ವಿಷದಿಂದಲೇ. ಮಳೆಗಾಲದಲ್ಲಿ ಚಿಕ್ಕ ಚೀಲ ಕೊಂಡು, ಬಿಗಿಮುಚ್ಚಳದ ಸ್ಟೀಲ್ ಡಬ್ಬದಲ್ಲಿಟ್ಟು, ವಾಸನೆ ಬದಲಾದರೆ ಎಸೆಯುವುದು ಸುರಕ್ಷಿತ. ತೇವದ ಆಹಾರದ ತೊಂದರೆ ಬೇರೆ: ತೆರೆದ ಪೌಚನ್ನು ತಂಪಿನಲ್ಲಿಡಬೇಕು, ವಾರಗಟ್ಟಲೆ ವಿದ್ಯುತ್ ಇಲ್ಲದ ಮನೆಯಲ್ಲಿ ಅದು ಸಾಧ್ಯವಿಲ್ಲ.

ಹೀಗಾಗಿ ಬೆಟ್ಟದ ಹಳ್ಳಿಗಳಿಗೆ ಒಪ್ಪುವ ಹಾದಿ ಎರಡರ ನಡುವೆ ಇದೆ. ಆಹಾರ ಒಣದ್ದು, ನೀರು ಮನೆಯದು. ಒಂದು ಹೊತ್ತಿನ ಒಣ ಆಹಾರಕ್ಕೆ ಅದರ ಎರಡರಷ್ಟು ಉಗುರುಬೆಚ್ಚಗಿನ ನೀರು ಹಾಕಿ, ಕಾಲು ಗಂಟೆ ನೆನೆಸಿ ಕೊಡಬೇಕು. ಎರಡು ಗಂಟೆಯೊಳಗೆ ತಿನ್ನದೆ ಉಳಿದದ್ದನ್ನು ಎಸೆಯಬೇಕು. ಚೀಲವನ್ನು ಆರಿಸುವಾಗ ‘ಸಂಪೂರ್ಣ ಆಹಾರ’ ಎಂಬ ಅರ್ಥದ ಮಾತು ಅದರ ಮೇಲಿದೆಯೇ, ಸಾಮಗ್ರಿಗಳ ಪಟ್ಟಿಯಲ್ಲಿ ಮಾಂಸ ಅಥವಾ ಮೀನು ಧಾನ್ಯಕ್ಕಿಂತ ಮೊದಲು ಬರುತ್ತದೆಯೇ ಎಂದು ನೋಡಬೇಕು. ಮಾಂಸ ಮುಟ್ಟದ ಮನೆಗಳಿಗೂ ಈ ಹಾದಿ ಸುಲಭ. ಮೀನು, ಮಾಂಸ ಬೇಯುವ ಮನೆಯಾದರೆ ದಿನದ ಒಂದು ಪಾಲನ್ನು ಉಪ್ಪು-ಖಾರ ಹಾಕದೆ ಬೇಯಿಸಿದ ಮೀನಿನ ತಲೆ, ಕೋಳಿಯ ಉಳಿಕೆ, ಮೊಟ್ಟೆಗಳಿಂದ ತುಂಬಬಹುದು. ಬೇಯಿಸಿದ ನೀರನ್ನು ಚೆಲ್ಲಬಾರದು. ಟಾರಿನ್ ಅದರಲ್ಲೇ ಇಳಿದಿರುತ್ತದೆ. ಮನೆಯ ಮಾಂಸವೊಂದರಿಂದಲೇ ಸುಣ್ಣದ ಅಂಶ ಸಾಲದು, ಆದ್ದರಿಂದ ಚೀಲದ ಪಾಲು ಪೂರ್ತಿ ತಪ್ಪುವಂತಿಲ್ಲ. ತೇವದ ಪೌಚನ್ನು ಮೂತ್ರದ ತೊಂದರೆ ಕಂಡ, ಹಲ್ಲು ಹೋದ, ಕಾಯಿಲೆ ಬಿದ್ದ ಬೆಕ್ಕುಗಳಿಗೆ, ವೈದ್ಯರ ಮಾತಿನಂತೆ ಮೀಸಲಿಡಬಹುದು.

ಕೆಲವು ನಿಷೇಧಗಳೂ ಇವೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತದೆ. ಬೇಯಿಸಿದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಕೆಲವು ಜಾತಿಯ ಹಸಿ ಮೀನು ‘ಬಿ1’ ಜೀವಸತ್ವವನ್ನು ನಾಶಮಾಡುತ್ತದೆ. ಬೇಯಿಸಿದರೆ ಆ ದೋಷ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಒಣಮೀನೇ ಗತಿಯಾದರೆ ಉಪ್ಪು ಹೋಗುವಂತೆ ನೆನೆಸಿ, ತೊಳೆದು ಬೇಯಿಸಬೇಕು. ನಾಯಿಯ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ. ಅಟ್ಟಕ್ಕೆ ಇಲಿ ಪಾಷಾಣ ಇಟ್ಟು ಬೆಕ್ಕನ್ನೂ ಸಾಕುವುದು ಬೆಕ್ಕನ್ನು ಕೊಲ್ಲುವ ದಾರಿ. ಆ ಇಲಿಯನ್ನು ತಿಂದ ಗೂಬೆಯೂ ಉಳಿಯದು. ರಾತ್ರಿ ಬೆಕ್ಕನ್ನು ಅಟ್ಟ, ಕಣಜಗಳಿರುವ ಮನೆಯೊಳಗೇ ಕೂಡಿದರೆ ಇಲಿಯ ಕಾವಲೂ ಆಗುತ್ತದೆ, ಕಪ್ಪೆ-ಓತಿಗಳೂ ಉಳಿಯುತ್ತವೆ, ಚಿರತೆಯ ಬಾಯಿಂದ ಬೆಕ್ಕೂ ಉಳಿಯುತ್ತದೆ. ಸಂತಾನಹರಣ ಚಿಕಿತ್ಸೆ ಮಾಡಿಸದೆ ಮರಿಗಳನ್ನು ಸಂತೆಪೇಟೆಯಲ್ಲೋ ಘಟ್ಟದ ತಿರುವಿನಲ್ಲೋ ಬಿಟ್ಟುಬರುವುದು ಮರಿಗಳಿಗೂ ಕಾಡಿಗೂ ಬಗೆವ ದ್ರೋಹ.

ಹೊಣೆಯನ್ನೆಲ್ಲ ಬೆಕ್ಕು ಸಾಕುವವರ ಮೇಲೆ ಹೊರಿಸುವುದೂ ಸಲ್ಲದು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೂ 2022ರ ತಿದ್ದುಪಡಿಯೂ ಹೊದಿಕೆಯ ತ್ಯಾಜ್ಯದ ಹೊಣೆಯನ್ನು ಉತ್ಪಾದಕರಿಗೆ ವಹಿಸಿವೆ. ಆ ಹೊಣೆ ನಗರಗಳ ಗಡಿಯಲ್ಲೇ ನಿಂತುಬಿಟ್ಟರೆ ಸಾಲದು. ಪೌಚು ಬರುವ ದಾರಿಯಲ್ಲೇ ಅದು ಹಿಂದಿರುಗುವ ಏರ್ಪಾಡೂ ಆಗಬೇಕು. ಗ್ರಾಮ ಪಂಚಾಯಿತಿಗಳು ಒಣಕಸ ಸಂಗ್ರಹದಲ್ಲಿ ಇಂತಹ ಪದರಗಟ್ಟಿದ ಹೊದಿಕೆಗಳನ್ನು ಬೇರೆಯಾಗಿ ಎಣಿಸಿ, ತೂಗಿ ಇಡಬೇಕು. ಪೊಟ್ಟಣದ ಮೇಲಿನ ವಿವರ ಕನ್ನಡದಲ್ಲೂ ಇರಬೇಕೆಂದು ಗ್ರಾಹಕರು ಒತ್ತಾಯಿಸಬೇಕು. ಹಸು-ಎಮ್ಮೆಗಳಿಗೆಂದು ಬರುವ ಪಶುವೈದ್ಯರಿಗೆ ಬೆಕ್ಕಿನ ಮೂತ್ರಬಂಧವನ್ನು ಬಿಡಿಸುವ ಸಲಕರಣೆ, ತರಬೇತಿ ದೊರೆಯಬೇಕು.

ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಕೆಲಸವಿದೆ. ತಮ್ಮ ಮನೆಯ ಬೆಕ್ಕು ಏನು ತಿನ್ನುತ್ತದೆ, ಎಷ್ಟು ನೀರು ಕುಡಿಯುತ್ತದೆ, ಹೊರಗಿನಿಂದ ಯಾವ ಯಾವ ಜೀವಿಯನ್ನು ಹಿಡಿದು ತರುತ್ತದೆ ಎಂದು ಒಂದು ತಿಂಗಳು ಬರೆದಿಡಬೇಕು. ಮುಂದಿನ ತಿಂಗಳು ನೆನೆಸಿದ ಆಹಾರ ಕೊಟ್ಟು, ರಾತ್ರಿ ಒಳಗೆ ಕೂಡಿ, ಮತ್ತೆ ಬರೆದಿಡಬೇಕು. ಇಂತಹ ದಿನಚರಿಗಳು ಹತ್ತು ಹಳ್ಳಿಗಳಿಂದ ಬಂದರೆ ಬೆಕ್ಕಿನ ಬಟ್ಟಲಿಗೂ ಸೊಪ್ಪಿನಬೆಟ್ಟಕ್ಕೂ ಇರುವ ನಂಟಿನ ಬಗ್ಗೆ ಮಲೆನಾಡಿನದೇ ಲೆಕ್ಕವೊಂದು ಸಿದ್ಧವಾಗುತ್ತದೆ. ಮುಂಗಾರಿನ ಮೊದಲ ಕಪ್ಪೆ ಕೂಗುವ ಮುನ್ನ ಆರಂಭಿಸಿದರೆ ಒಳ್ಳೆಯದು.